ಅಂಗಡಿಯಜ್ಜನ ಎರಡು ಹೆಸರು

ಮೊನ್ನೆ ಕ್ಯುಪರ್ಟಿನೋದ ಮಗಳ ಮನೆಯಲ್ಲಿ ಒಣ ಸೀಗಡಿಯ ಪೊಟ್ಟಣ ಒಡೆದೆ. ಅವಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದಳು. ನಾನು ನಿಂತಲ್ಲೇ ನಿಂತುಬಿಟ್ಟೆ. ಆ ವಾಸನೆಗೆ ನೆನಪಾದದ್ದು ಹುಟ್ಟೂರು ಮಂಗಳೂರಲ್ಲ, ಓಕ್ಲ್ಯಾಂಡಿನ ಚೈನಾಟೌನು. ಅಲ್ಲಿನ ಅಂಗಡಿಯಜ್ಜ...

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಅಪಾರ್ಟ್‌ಮೆಂಟು ಇದ್ದದ್ದು ಚೈನಾಟೌನಿನ ಅಂಚಿನಲ್ಲಿ, ಫ್ರೀವೇ ಬಂದು ಬೀದಿಗಳನ್ನು ತುಂಡರಿಸಿದ ಕಡೆ. ನಾನು ಆಸ್ಪತ್ರೆಯೊಂದರಲ್ಲಿ ರೋಗಿಗಳ ಹೆಸರು, ವಿಳಾಸ ಬರೆದುಕೊಳ್ಳುವ ಕೆಲಸದಲ್ಲಿದ್ದೆ. ಸಂಜೆ ಅಜ್ಜನ ಅಂಗಡಿಗೆ ಹೋದರೆ ಒಣ ಸೀಗಡಿ, ಹಾಗಲಕಾಯಿ, ಬಸಳೆ, ಕೆಸುವಿನ ಗಡ್ಡೆ ಎಲ್ಲವೂ ಸಿಗುತ್ತಿದ್ದವು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಲಾಸ್ ಏಂಜಲೀಸಿನಲ್ಲಿದ್ದಳು.

ನಾವು ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕಿದ್ದ ಸಮಯ. ಒಂದು ದಿನ ಸೊಪ್ಪು ಆರಿಸುತ್ತ ಸಂದರ್ಶನದ ಉತ್ತರಗಳನ್ನು ಗುನುಗುತ್ತಿದ್ದೆ. ಅಜ್ಜ ಕೇಳಿಸಿಕೊಂಡು ನಕ್ಕರು. ತಾವೂ ಹಡಗಿನಲ್ಲಿ ಹೀಗೇ ಬಾಯಿಪಾಠ ಮಾಡಿದ್ದಾಗಿ ಹೇಳಿದರು. ಆಗ ಚೀನೀ ಕೂಲಿಗಳಿಗೆ ಈ ದೇಶದ ಬಾಗಿಲು ಮುಚ್ಚಿತ್ತಂತೆ. ಇಲ್ಲಿನ ಪ್ರಜೆಗಳ ಮಕ್ಕಳಿಗೆ ಮಾತ್ರ ಪ್ರವೇಶ. ಹಾಗಾಗಿ ಹದಿನಾರರ ಹುಡುಗ ಯಾರದೋ ಮಗನೆಂಬ ಕಾಗದ ಹಿಡಿದು ಬಂದಿದ್ದ. ಕೊಲ್ಲಿಯ ದ್ವೀಪವೊಂದರಲ್ಲಿ ವಾರಗಟ್ಟಲೆ ಕೂಡಿಹಾಕಿ ಕೇಳಿದ್ದರು: ನಿನ್ನ ಮನೆಗೆ ಮೆಟ್ಟಿಲು ಎಷ್ಟು, ಬಾವಿ ಯಾವ ದಿಕ್ಕಿಗೆ? ತಾನು ಕಂಡೇ ಇರದ ಮನೆಯನ್ನು ಅವನು ಒಂದೂ ತಪ್ಪದೆ ವರ್ಣಿಸಿದ್ದ. ಅಂದಿನಿಂದ ಕಾಗದದಲ್ಲಿದ್ದ ಹೆಸರೇ ಗಟ್ಟಿಯಾಯಿತು. ಆ ಬೀದಿಯ ಎಷ್ಟೋ ಮನೆಗಳಲ್ಲಿ ಹೀಗೇ, ಹೊರಗೊಂದು ಹೆಸರು, ಒಳಗೊಂದು. ಅಜ್ಜನ ನಿಜವಾದ ಕುಲದವರ ಸಂಘ ಎರಡು ಬೀದಿ ಆಚೆಗಿತ್ತು. ಹಬ್ಬದ ದಿನ ಅವರು ಅಲ್ಲಿಗೆ ಹಿಂಬಾಗಿಲಿನಿಂದ ಹೋಗಿಬರುತ್ತಿದ್ದರು.

“ಯಾರಿಗೂ ಹೇಳಬೇಡ. ಈಗಲೂ ಇಮಿಗ್ರೇಶನ್‌ನವರು ಬರಬಹುದು,” ಎಂದಿದ್ದರು, ತಮ್ಮ ನಿಜವಾದ ಹೆಸರನ್ನು ಮೆಲ್ಲಗೆ ಒಮ್ಮೆ ಉಸುರಿ.

ಮರುವರ್ಷ ಅಜ್ಜ ಅಂಗಡಿಯಲ್ಲೇ ಕುಸಿದು ಬಿದ್ದರು. ಪಾರ್ಶ್ವವಾಯು. ನಮ್ಮ ಆಸ್ಪತ್ರೆಗೇ ತಂದರು. ಮೂರನೆಯ ದಿನ ಅವರ ಸಹಿ ಪಡೆಯಲು ಕಾಗದ ಹಿಡಿದು ಹೋದಾಗ ಡಾಕ್ಟರು ಪರೀಕ್ಷಿಸುತ್ತಿದ್ದರು. ಅಜ್ಜನಿಗೆ ಇಂಗ್ಲಿಷ್ ಮರೆತುಹೋಗಿತ್ತು; ಭಾಷಾಂತರಕ್ಕೆ ಆಸ್ಪತ್ರೆಯ ಅಡುಗೆಮನೆಯ ಚೀನೀ ಹೆಂಗಸನ್ನು ಕರೆಸಿದ್ದರು. ಅಜ್ಜನ ಮಗಳು ಗೋಡೆಗೊರಗಿ ನಿಂತಿದ್ದಳು. ಹೆಸರೇನು ಎಂದು ಕೇಳಿದರು. ಅಜ್ಜ ಬೇರೊಂದು ಹೆಸರು ಹೇಳಿದರು. ತಂದೆಯ ಹೆಸರು? ಅದೂ ಬೇರೆ. ಡಾಕ್ಟರು ಫೈಲು ನೋಡಿ ತಲೆಯಾಡಿಸಿದರು. ತಮ್ಮ ಹೆಸರೇ ನೆನಪಿಲ್ಲದವರು ಒಂಟಿಯಾಗಿ ಬದುಕಲಾರರು ಎಂದು ಬರೆದುಕೊಂಡರು.

ಅಜ್ಜ ನನ್ನ ಕಡೆ ನೋಡಿದರು. ಬೇಡುತ್ತಿದ್ದರೋ, ಬೇಡವೆನ್ನುತ್ತಿದ್ದರೋ... ನಾನು ಸಹಿಯ ಕಾಗದ ಮಡಚಿಕೊಂಡು ಹೊರಬಂದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. “ನಮ್ಮ ಪೇಪರ್ಸೇ ಇನ್ನೂ ಆಫೀಸಲ್ಲಿ ಬಿದ್ದಿದೆ. ನೀನು ಇದರಲ್ಲಿ ತಲೆ ಹಾಕ್ಬೇಡ,” ಎಂದರು. ಅವರನ್ನು ದೂರಿ ಪ್ರಯೋಜನವಿಲ್ಲ. ನನಗೆ ಬೇಕಿದ್ದದ್ದೂ ಅದೇ ಮಾತು.

ಅಜ್ಜನನ್ನು ಬೆಟ್ಟದಾಚೆಯ ವೃದ್ಧರ ಆರೈಕೆ ಮನೆಗೆ ಕಳಿಸಿದರು. ಅಲ್ಲಿ ಅವರ ಭಾಷೆಯವರು ಒಬ್ಬರೂ ಇರಲಿಲ್ಲ. ಒಮ್ಮೆ ನೋಡಿಬಂದೆ. ಬಾಗಿಲಿಗೆ ಅಂಟಿಸಿದ್ದ ಹೆಸರಿನಿಂದ ನರ್ಸು ಕರೆಯುತ್ತಲೇ ಇದ್ದಳು. ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಾಲ್ಕು ತಿಂಗಳಿಗೆ ಹೋಗಿಬಿಟ್ಟರು.

ಅಂತ್ಯಕ್ರಿಯೆ ಮುಗಿದ ಮೇಲೆ ತಡೆಯಲಾರದೆ ಅವರ ಮಗಳ ಹತ್ತಿರ ಹೇಳಿಬಿಟ್ಟೆ: ಅಂದು ಅವರು ಹೇಳಿದ್ದು ಸರಿಯಾದ ಹೆಸರೇ, ನನಗೆ ಗೊತ್ತಿತ್ತು ಎಂದು.

“ನನಗೂ ಗೊತ್ತಿತ್ತು,” ಎಂದಳು. “ತಾನು ಸಾಯುವವರೆಗೂ ಹೇಳಬೇಡ ಅಂತ ಅಪ್ಪ ಆಣೆ ಹಾಕಿಸಿದ್ದ. ನೀವು ಆಸ್ಪತ್ರೆಯವರು. ನಿಮ್ಮನ್ನು ಕಂಡೇ ನಾನು ಬಾಯಿ ಮುಚ್ಚಿಕೊಂಡೆ.”

ಬಾಯಿಬಿಟ್ಟಿದ್ದರೆ ಅಜ್ಜ ಅಂಗಡಿಗೆ ಮರಳುತ್ತಿದ್ದರೇ? ಬಹುಶಃ ಇಲ್ಲ. ಆದರೆ ಕೊನೆಯ ದಿನಗಳಲ್ಲಿ ಯಾರಾದರೂ ಅವರನ್ನು ಅವರ ಹೆಸರಿನಿಂದ ಕರೆಯುತ್ತಿದ್ದರು.

ಈ ವಾರ ನನ್ನ ಮಗಳನ್ನು ಒತ್ತಾಯಿಸಿ ಅಜ್ಜನ ಸಮಾಧಿಯಿರುವ ಸ್ಮಶಾನಕ್ಕೆ ಹೋದೆ. ಕಲ್ಲಿನ ಮೇಲೆ ಎರಡು ಹೆಸರುಗಳಿವೆ: ನಿಜವಾದದ್ದು ಚೀನೀ ಅಕ್ಷರಗಳಲ್ಲಿ, ಕಾಗದದ್ದು ಇಂಗ್ಲಿಷಿನಲ್ಲಿ. ಅವರ ಬಾಯಿಂದ ಎರಡೇ ಸಲ ಕೇಳಿದ್ದ ಆ ಹೆಸರು ಈಗ ನಾಲಿಗೆಗೆ ಬರಲಿಲ್ಲ. ಕಲ್ಲನ್ನು ಮುಟ್ಟಿ ತುಂಬ ಹೊತ್ತು ನಿಂತೆ. ನನಗೆ ಓದಲು ಬಂದದ್ದು ಸುಳ್ಳು ಹೆಸರೊಂದೇ.