ಬೀಡಿ ಕಟ್ಟಿನ ಮೇಲೆ ಬರೆದಿಲ್ಲ

ಸಿಗರೇಟು ಪ್ಯಾಕಿನ ಮೇಲೆ ಸರ್ಕಾರ ಹೊಸದಾಗಿ ಅಚ್ಚು ಹಾಕಿಸಿದ ಎಚ್ಚರಿಕೆಗೆ ಹೆದರಿ ಗುಮಾಸ್ತ ಹಾಲಸಿದ್ದಪ್ಪ ಬೀಡಿಗೆ ಇಳಿದದ್ದು ಜವಾನ ಜಡೆಪ್ಪನ ಮಾತು ಕೇಳಿ; ಗುಮಾಸ್ತ ಬಿ.ಎ. ಓದಿದ್ದು ಸಾರ್ಥಕವಾಯಿತು. “ಬೀಡಿ ಕಟ್ಟಿನ ಮ್ಯಾಲ ಸರ್ಕಾರ ಏನರ ಬರದೈತೇನ್ರಿ? ಇಲ್ಲಲ್ಲ, ಮತ್ತ ಅಪಾಯ ಎಲ್ಲೈತಿ?” ಎನ್ನುವುದು ಬಳ್ಳಾರಿಯ ಆ ಕಚೇರಿಯಲ್ಲಿ ಜಡೆಪ್ಪನ ನಿತ್ಯಪಾಠ. ಫೈಲಿನ ಮೇಲೆ ಬೂದಿ ಉದುರಿಸುತ್ತಾನೆ, ಮೆಟ್ಟಿಲು ಹತ್ತುವಾಗ ನಿಂತು ನಿಂತು ಕೆಮ್ಮುತ್ತಾನೆ, ಕೇಳಿದರೆ “ಊರಾಗಿನ ಧೂಳ್ರೀ” ಎಂದು ಬಳ್ಳಾರಿಯನ್ನೇ ಬೈಯುತ್ತಾನೆ. ಈ ಮನುಷ್ಯನಿಗೆ ಹೇಳಿ ಹೇಳಿ ಡಾಕ್ಟರೂ ಸೋತರು. ಮೊನ್ನೆ ಹಾಲಸಿದ್ದಪ್ಪ ಬಾಯಲ್ಲಿ ಬೀಡಿ ಇಟ್ಟುಕೊಂಡೇ ಕುರುಗೋಡಿನ ಜಡೆಪ್ಪನ ಮನೆಗೆ ಹೋದರೆ, ಅವನು ರಸ್ತೆಯಾಚೆ ಸುಡುಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಸೇದುತ್ತಿದ್ದ. “ಮೊಮ್ಮಗಳಿಗಿ ದಮ್ಮು ಐತ್ರಿ, ಹೊಗಿ ಆಗಂಗಿಲ್ಲ,” ಎಂದ, ನೆಲ ನೋಡುತ್ತ. “ನಿಮ್ಮದನ್ನೂ ಇಲ್ಲೇ ಒಗದು ಒಳಗ ನಡೀರಿ.”