ಶುಕ್ರವಾರದ ಹಾಡುಗಾರ್ತಿ

ಮೊಮ್ಮಗನಿಗೆ ಕೆಮ್ಮು ಅಂತ ಮಗಳು ಜೇಷ್ಠಮಧು ಕುದಿಸಿದಳು. ಗಲ್ಫಿನ ಹವಲ್ಲಿಯ ಈ ಸಣ್ಣ ಫ್ಲಾಟ್ ಇಡೀ ಅದರದ್ದೇ ವಾಸನೆ. ಗಂಟಲಿಗೆ ಒಳ್ಳೆಯದು ಅಂತ ಅದನ್ನೇ ಅಗಿಯುತ್ತಿದ್ದ ಒಬ್ಬಳ ನೆನಪಾಯಿತು.

ಜಾಬ್ರಿಯಾದ ಒಂದು ಮನೆಯಲ್ಲಿ ನಾನು ಅಡುಗೆಯವಳು, ಅವಳು ಮಕ್ಕಳನ್ನು ನೋಡಿಕೊಳ್ಳುವವಳು. ಇಬ್ಬರಿಗೂ ಒಂದೇ ಕೋಣೆ. ಮಂಗಳೂರು ಕಡೆಯ ಕೊಂಕಣಿಯವಳು, ಇಗರ್ಜಿಯಲ್ಲಿ ಹಾಡಿ ಬೆಳೆದವಳು. ಹಾಡುತ್ತಿದ್ದದ್ದು ಮಾತ್ರ ಇಂಗ್ಲಿಷಿನ ಕಂಟ್ರಿ ಹಾಡು. ಹಡಗಿನಲ್ಲಿದ್ದ ಅಪ್ಪ ಕ್ಯಾಸೆಟ್ ತರುತ್ತಿದ್ದನಂತೆ. ಕುದುರೆ, ರೈಲು, ಬಿಟ್ಟುಹೋದ ಗಂಡ... ಅರ್ಥ ಅವಳೇ ಹೇಳುತ್ತಿದ್ದಳು.

"ಅದಕ್ಕೆ ಅಳುವುದೆಂತಕ್ಕೆ ಮಾರಾಯ್ತಿ, ಹೋದರೆ ಹೋಗಲಿ" ಅನ್ನುತ್ತಿದ್ದೆ.

"ಅಕ್ಕ, ನಿಮಗೆ ನನ್ನ ಹಾಡೂ ಒಂದೇ, ಮಿಕ್ಸಿಯೂ ಒಂದೇ."

ಶುಕ್ರವಾರ ರಜೆ. ಮೊದಲು ಬರ್ತ್‌ಡೇಗೆ ಹಾಡಿದಳು, ಆಮೇಲೆ ಮದುವೆ ರಿಸೆಪ್ಷನ್... ಹೆಸರಾಯಿತು. ಆದರೆ ಮನೆಗೆಲಸದ ವೀಸಾದವಳು ಹೊರಗೆ ಹಾಡಿ ದುಡಿಯುವ ಹಾಗಿಲ್ಲ. ಕಫೀಲ್‌ಗೆ, ಅಂದರೆ ವೀಸಾ ಕೊಟ್ಟ ಯಜಮಾನರಿಗೆ, ಗೊತ್ತಾದರೆ ಖಲಾಸ್. ಮೇಡಂ ಕೇಳಿದರೆ ಇಗರ್ಜಿಗೆ ಹೋಗಿದ್ದಾಳೆ ಅನ್ನಬೇಕು ಅಂತ ನನಗೂ ಕಲಿಸಿದ್ದಳು.

ಕಡೆಗೆ ಫಹಾಹೀಲ್‌ನ ದೊಡ್ಡ ಹಾಲ್‌ನಲ್ಲಿ ಅವಳೊಬ್ಬಳದ್ದೇ ಕಾರ್ಯಕ್ರಮ. ಟೋಪಿ ಹಾಕಿದ ಅವಳ ಫೋಟೋದ ಪೋಸ್ಟರ್ ನನ್ನ ಫೋನಿಗೂ ಬಂತು. ನನ್ನ ಓದು ಅಷ್ಟಕ್ಕಷ್ಟೆ. ವಾಟ್ಸಾಪ್‌ನಲ್ಲಿ ಸ್ಟೇಟಸ್ ಹಾಕುವುದನ್ನು ಅವಳೇ ಕಲಿಸಿದ್ದು. ದಿನಾ ದೇವರ ಫೋಟೋ ಹಾಕುತ್ತಿದ್ದೆ, ಅವತ್ತು ಅವಳದ್ದು ಹಾಕಿದೆ. ಊರಿನವರು ನೋಡಲಿ ಅಂತ. ಮೇಡಂ ನಂಬರೂ ಅದೇ ಫೋನಿನಲ್ಲಿದೆ ಅನ್ನುವುದು ತಲೆಗೆ ಬರಲಿಲ್ಲ.

ಹಾಲ್‌ನಲ್ಲಿ ಕೂತ ಮೇಲೆ, ಯಾರೆಲ್ಲ ನೋಡಿದರು ಅಂತ ಒತ್ತಿದೆ. ಸಾಲಿನಲ್ಲಿ ಮೊದಲನೆಯದೇ ಮೇಡಂ. ತಕ್ಷಣ ಅಳಿಸಿದೆ. ಅಷ್ಟರಲ್ಲಿ ಮೇಡಂ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು... ಅವಳು ಪರದೆ ಹಿಂದೆಯೇ ನಿಂತಿದ್ದಳು. ಹೋಗಿ ಹೇಳಿದ್ದರೆ ಆಗಲೇ ಮನೆಗೆ ಓಡಿ ಮೇಡಂ ಕಾಲು ಹಿಡಿಯುತ್ತಿದ್ದಳೇನೋ. ಹೇಳಲಿಲ್ಲ. ಎರಡು ಗಂಟೆ ಹಾಡಿದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೆ ಮಡಿಲಲ್ಲಿ ಫೋನ್ ನಡುಗುವುದು ಬಿಟ್ಟು ಬೇರೆ ಏನೂ ತಿಳಿಯಲಿಲ್ಲ.

ವಾರದೊಳಗೆ ಅವಳು ಇಲ್ಲಿರಲು ಬೇಕಾದ ಇಕಾಮಾ ರದ್ದು, ಕೈಗೆ ಟಿಕೆಟ್. ಪೆಟ್ಟಿಗೆಗೆ ಬಟ್ಟೆ ತುಂಬುತ್ತಾ ಕೇಳಿದಳು, "ಮೇಡಂಗೆ ಯಾರು ತೋರಿಸಿದ್ದು ಅಕ್ಕ? ಮನೆ ಡ್ರೈವರ್ ಅಲ್ವಾ?"

"ಇರಬೇಕು" ಅಂದೆ.

ಊರಿಗೆ ಹೋದವಳು ಮತ್ತೆ ಹಾಡಲಿಲ್ಲ. ಅಲ್ಲಿ ಆ ಹಾಡು ಕೇಳುವವರಿಲ್ಲವಂತೆ. ಅಂಥ ಗಂಟಲು ಹಾಗೇ ಹೋಯಿತು. ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾಳೆ. ಮೊದಲು ಡ್ರೈವರನಿಗೆ ಶಾಪ ಹಾಕುತ್ತಾಳೆ. ಆಮೇಲೆ ನನ್ನ ಕಾಲುನೋವು ಹೇಗಿದೆ ಅಂತ ಕೇಳುತ್ತಾಳೆ.