ಕಲ್ಲಿನ ಮಂದೆ ಕಾದ ಕರುಪ್ಪಯ್ಯ

"ಕರುವಿನ ಗೊರಸು ನೋಡಿ ತಾಯಿಯ ಎಸರು ಏಳ್ತಾನೆ, ಮೊಮ್ಮಕ್ಕಳನ್ನ ಮಾತ್ರ ಏ, ಏ ಅಂತ ಕೂಗ್ತಾನೆ" ಎಂದು ಹನುಮಂತನಪಟ್ಟಿಯ ನೆರೆಹೊರೆಯವರು ಕರುಪ್ಪಯ್ಯನನ್ನು ಆಡಿಕೊಳ್ಳುತ್ತಿದ್ದರು. ಸುಳ್ಳಲ್ಲ. ಐವತ್ತು ವರ್ಷ ಊರ ದನ ಕಾದವನು. ಇನ್ನೂರು ದನ ಒಟ್ಟಿಗೆ ನುಗ್ಗಿದರೂ ಯಾವುದು ಯಾವುದರ ಹಿಂದೆ ನಡೆಯುತ್ತದೆಂದು ಬಲ್ಲವನು.

೧೮೯೫ರಲ್ಲಿ ಮಲೆಯಾಚೆಯ ಅಣೆಕಟ್ಟಿನ ನೀರು ಕಣಿವೆಗೆ ಇಳಿದು ಹೊಳೆ ವರ್ಷವೆಲ್ಲ ತುಂಬಿ ಹರಿಯತೊಡಗಿತು. ಊರಾಚೆಯ ಮುದಿ ಕಲ್ಲುಸೇತುವೆ ಮರುವರ್ಷ ವಾಲಿತು. ಹೊಸದು ಕಟ್ಟಿಸಲು ಓವರ್‌ಸಿಯರ್ ಬಂದ. ಹಳೆಯದರ ಎರಡೂ ಬದಿಯ ಮೋಟುಗೋಡೆಗಳ ಮೇಲೆ, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಬ್ಬುವ ಬಳ್ಳಿಯ ಕೆತ್ತನೆಯಿತ್ತು. ಅದನ್ನು ಹೊಸ ಸೇತುವೆಗೂ ಕೂರಿಸಿ ಎಂದು ಕರುಪ್ಪಯ್ಯ ಮೂರು ದಿನ ಅವನ ಬೆನ್ನು ಬಿಡಲಿಲ್ಲ. ಕೊನೆಗೆ ಆತ ಒಪ್ಪಿದ: ಕಲ್ಲುಗಳ ಮೇಲೆ ಅಂಕಿ ಬರೆದು ಇಳಿಸೋಣ, ಸಾಲು ತಪ್ಪಿದರೆ ಬರಿಯ ಕಲ್ಲೇ ಗತಿ.

ಸುಣ್ಣದಲ್ಲಿ ಬರೆದ ಅಂಕಿಗಳನ್ನು ಐಪ್ಪಸಿ ತಿಂಗಳ ಹಿಂಗಾರು ಮಳೆ ಒಂದೇ ವಾರದಲ್ಲಿ ತೊಳೆದುಹಾಕಿತು. ತುದಿ ಸವೆದು, ಯಾವುದಕ್ಕೆ ಯಾವುದು ಕೂಡುತ್ತದೆಂದು ತಿಳಿಯದ ನಲವತ್ತು ಕಲ್ಲುಗಳು ಮರಳಲ್ಲಿ ಬಿದ್ದಿದ್ದವು. ಅವನ್ನು ಕೂರಿಸಬೇಕಾದ ಕಲ್ಲುಕುಟಿಗ ಅಳಗರ್, ವರಸೆಯಲ್ಲಿ ಕರುಪ್ಪಯ್ಯನ ಅಳಿಯ, ತಲೆಮೇಲೆ ಕೈಹೊತ್ತು ಕೂತ.

ಕರುಪ್ಪಯ್ಯ ಕೋಲೂರಿಕೊಂಡು ಬಂದು ಒಂದು ಕಲ್ಲು ತಟ್ಟಿದ. "ಇವಳು ಮುರುಕೊಂಬಿ. ಇವಳ ಇಂದೆ ಚುಕ್ಕಿ. ಚುಕ್ಕಿ ಇಂದೆ ಆ ಸೋಂಬೇರಿ ಮೈಲಿ."

"ಕಲ್ಲಿಗೂ ಎಸರಿಟ್ಟಿಯಾ, ಮಾವಾ?"

"ಇಳಿಸೋವಾಗ್ಲೇ ಇಟ್ಟೆ. ಎಸರಿಲ್ಲದ್ದನ್ನ ಎಂಗಪ್ಪಾ ಮೇಯಿಸೋದು?"

ಎಡಗಡೆಯ ಇಪ್ಪತ್ತು ಕಲ್ಲುಗಳು ಅವನು ಹೇಳಿದ ಸಾಲಲ್ಲೇ ಕೂತವು. ಬಳ್ಳಿ ಎಲ್ಲೂ ಕಡಿಯಲಿಲ್ಲ. ಓವರ್‌ಸಿಯರ್ ಉದ್ದಕ್ಕೂ ಬೆರಳಾಡಿಸಿ, "ಬಲಗಡೆಗೂ ಮುದುಕನನ್ನೇ ಕೇಳಿ" ಎಂದು ಹೋದ.

ಬಲಗಡೆಯ ಸರದಿ ಬಂದಾಗ ಮುದುಕ ಚಳಿಜ್ವರದಲ್ಲಿ ಮಲಗಿದ್ದ. ಮಲಗಿದಲ್ಲೇ ಹೆಸರು ಹೇಳಿಬಿಡು ಎಂದ ಅಳಗರ್.

"ಎಸರು ಏಳ್ತೀನಿ. ಅವುಗಳ ಮೊಕ ಗೊತ್ತಾ ನಿನಗೆ?"

ಅಂದು ಸಂಜೆಯೊಳಗೆ ಬಳ್ಳಿ ಆಚೆ ದಡ ಮುಟ್ಟಿತು, ಕರುಪ್ಪಯ್ಯ ಆ ಮೋಟುಗೋಡೆಯ ಬುಡದಲ್ಲೇ ಕಣ್ಣುಮುಚ್ಚಿದ ಎಂದು ಈಗಲೇ ಹೇಳಿಬಿಡುತ್ತೇನೆ. ಆದರೆ ಅವನು ಮನೆಯಿಂದ ಹೊರಟದ್ದನ್ನು ಕೇಳಬೇಕು.

ಹೆಂಡತಿ ಪೇಚ್ಚಿಯಮ್ಮಾಳ್ ಬಾಗಿಲಿಗೆ ಅಡ್ಡ ನಿಂತಳು. "ಮೈ ಕಾದ ಓಡಿನಂಗೆ ಸುಡ್ತದೆ. ಎಲ್ಲಿಗೆ ಓಗ್ತೀಯ?"

"ಅರ್ಧ ಮಂದೆ ಮರಳಲ್ಲೇ ಬಿದ್ದದೆ, ಪೇಚ್ಚಿ. ಬಿಟ್ಟು ಮಲಗ್ಲಾ?"

ಅವಳು ಅವನ ಮುಖವನ್ನೇ ನೋಡಿದಳು. ಒಳಗಿಂದ ಕಂಬಳಿ ತಂದು ಹೊದಿಸಿ, ಪಕ್ಕಕ್ಕೆ ಸರಿದಳು. ಅಳಗರನ ಭುಜ ಹಿಡಿದು ಕರುಪ್ಪಯ್ಯ ಹೊಸ್ತಿಲು ದಾಟಿದ.